ಮುಸುಕಿನ ಜೋಳ ಒಗ್ಗದ ಮನೆಯ ಅಡುಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಏಳು ವರ್ಷದ ಮಗನಿಗೆ ಮುಸುಕಿನ ಜೋಳದ ಅಲರ್ಜಿ ಇದೆಯೆಂದು ವೈದ್ಯರು ಹೇಳಿದ್ದಾರೆ. ತೆನೆ, ಪಾಪ್‌ಕಾರ್ನ್, ಕಾರ್ನ್‌ಫ್ಲೇಕ್ಸ್ ಬಿಡಿಸಿದ್ದೇವೆ. ಉಣ್ಣುವುದು ಮುದ್ದೆ, ಸಾರು. ಆದರೂ ಆಗಾಗ ದದ್ದು ಏಳುತ್ತದೆ. ಎಲ್ಲಿ ತಪ್ಪುತ್ತಿದ್ದೇವೆ?
– ಒಬ್ಬ ತಾಯಿ, ಚಿಂತಾಮಣಿ

ಉತ್ತರ: ರಾಗಿ ಎಲ್ಲಿ ಬೀಸಿಸುತ್ತೀರಿ ಎಂಬುದನ್ನು ಮೊದಲು ನೋಡಿ. ಹಸು ಕಟ್ಟಿದವರು ಮುಸುಕಿನ ಜೋಳ ನುಚ್ಚು ಮಾಡಿಸುವುದೂ ನೀವು ರಾಗಿ ಹಾಕಿಸುವುದೂ ಒಂದೇ ಮಿಲ್ಲಿನಲ್ಲಿ ಇರಬಹುದು. ಕಲ್ಲಿನ ಸಂದಿಯಲ್ಲೂ ಹಿಟ್ಟು ಬೀಳುವ ಬಾಯಿಗೆ ಕಟ್ಟಿದ ಬಟ್ಟೆಯ ಮಡಿಕೆಯಲ್ಲೂ ಹಿಂದಿನವರ ಹಿಟ್ಟು ಕೂತಿರುತ್ತದೆ. ಆ ಬಟ್ಟೆಯನ್ನು ಕೊಡವಿಸಿ ನೋಡಿ, ಹಳದಿ ಪುಡಿ ಉದುರಿದರೆ ಉತ್ತರ ಅಲ್ಲೇ ಸಿಕ್ಕಿತು. ಮುದ್ದೆ ಚೆನ್ನಾಗಿ ಬೆಂದಿದೆಯಲ್ಲ ಎಂದು ಸಮಾಧಾನಪಡಬೇಡಿ. ಈ ಅಲರ್ಜಿ ತರುವ ಪ್ರೋಟೀನುಗಳಲ್ಲಿ ಮುಖ್ಯವಾದ ಒಂದು ಬೆಂಕಿಗೂ ಜಗ್ಗುವುದಿಲ್ಲ.

ಮೇವಿನ ಕಾಳು ಬೀಸದ ಮಿಲ್ಲು ಸಿಕ್ಕರೆ ಅದೇ ಉತ್ತಮ. ಇಲ್ಲದಿದ್ದರೆ ಬೆಳಗ್ಗೆ ಮಿಲ್ಲು ತೆಗೆದ ಕೂಡಲೇ ಹೋಗಿ ಬಟ್ಟೆ ಕೊಡವಿಸಿ, ಮೊದಲ ಎರಡು ಕಿಲೋ ಹಿಟ್ಟನ್ನು ಹಸುವಿಗೆ ಬಿಟ್ಟು ಉಳಿದದ್ದನ್ನು ತನ್ನಿ. ಇದರಿಂದ ಬೆರಕೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಹಿಂದೆ ಮಗುವಿಗೆ ಉಸಿರು ಕಟ್ಟಿದ್ದರೆ ಇದನ್ನೂ ನಂಬದೆ, ಮನೆಯಲ್ಲೇ ಬೀಸುವ ಸಣ್ಣ ಯಂತ್ರ ಇಟ್ಟುಕೊಳ್ಳಿ. ದದ್ದಿನ ಜೊತೆ ತುಟಿ, ನಾಲಿಗೆ ಊದಿದರೆ, ಉಸಿರಾಡಲು ಕಷ್ಟವಾದರೆ ತಡಮಾಡದೆ 108ಕ್ಕೆ ಕರೆ ಮಾಡಿ. ಅಲ್ಲಿ ಬೇಕಾಗುವ ಮದ್ದು ಅಡ್ರಿನಲಿನ್ ಚುಚ್ಚುಮದ್ದು, ಅಲರ್ಜಿ ಮಾತ್ರೆ ಸಾಲದು.

ಪ್ಯಾಕೆಟ್ಟಿನ ಅಲರ್ಜಿ ಸೂಚನೆಯನ್ನೂ ನೆಚ್ಚಬೇಡಿ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 2020ರ ಲೇಬಲ್ ನಿಯಮದಲ್ಲಿ ಗೋಧಿ, ಹಾಲು, ಮೊಟ್ಟೆ, ಕಡಲೆಕಾಯಿ, ಸೋಯಾ ಇವೆ, ಮುಸುಕಿನ ಜೋಳ ಇಲ್ಲ. ಸಾಮಗ್ರಿಗಳ ಸಣ್ಣಕ್ಷರದಲ್ಲಿ ಮೇಯ್ಜ್ ಸ್ಟಾರ್ಚ್, ಎಡಿಬಲ್ ಸ್ಟಾರ್ಚ್, 1400ರಿಂದ 1451ರವರೆಗಿನ ಸಂಖ್ಯೆ (ಮಾರ್ಪಡಿಸಿದ ಪಿಷ್ಟದ ಗುರುತು) ಹುಡುಕಿ. ‘ಗ್ಲುಟನ್ ಫ್ರೀ’ ಪ್ಯಾಕೆಟ್ಟನ್ನು ಎರಡು ಸಲ ಓದಿ: ಗೋಧಿ ತೆಗೆದ ಜಾಗಕ್ಕೆ ಬಹಳ ಸಲ ಇದೇ ಜೋಳ ಬಂದಿರುತ್ತದೆ. ಈ ಜೋಳದ ಪಿಷ್ಟದಿಂದಲೂ ಮಾಡುವ ಲಿಕ್ವಿಡ್ ಗ್ಲೂಕೋಸ್, ಡೆಕ್ಸ್‌ಟ್ರೋಸ್‌ಗಳಲ್ಲಿ ಪ್ರೋಟೀನು ತೀರಾ ಅಲ್ಪ. ಅವನ್ನು ಬಿಡಬೇಕೇ ಎಂದು ವೈದ್ಯರನ್ನು ಕೇಳಿ. ಮಾತ್ರೆ ಗಟ್ಟಿಯಾಗಲು ಈ ಪಿಷ್ಟವನ್ನೇ ಬಳಸುವುದುಂಟು, ಔಷಧಿ ಅಂಗಡಿಯಲ್ಲೂ ವಿಚಾರಿಸಿ.

ಪ್ರಶ್ನೆ: ಕಾರ್ನ್‌ಫ್ಲೋರ್ ಬದಲು ಅಕ್ಕಿಹಿಟ್ಟು ಹಾಕಿ ಗೋಬಿ ಮಂಚೂರಿ ಮಾಡಿದರೆ ಹಿಟ್ಟೆಲ್ಲ ಎಣ್ಣೆಯಲ್ಲಿ ಬಿಟ್ಟುಕೊಳ್ಳುತ್ತದೆ. ಕೇಕಿಗೆ ಬೇಕಿಂಗ್ ಪೌಡರ್ ಹಾಕಬಹುದೇ?
– ಗೃಹಿಣಿ, ತುಮಕೂರು

ಉತ್ತರ: ಬರೀ ಅಕ್ಕಿಹಿಟ್ಟಿಗೆ ಹಿಡಿತವಿಲ್ಲ, ಬರೀ ಮೈದಾ ಮೆತ್ತಗಾಗುತ್ತದೆ. ಒಂದು ಸಾಧಾರಣ ಹೂಕೋಸಿಗೆ ಆರು ಚಮಚ ಮೈದಾ, ನಾಲ್ಕು ಚಮಚ ಅಕ್ಕಿಹಿಟ್ಟು ಸಾಕು (ದೊಡ್ಡ ಚಮಚ). ನೀರು ಸ್ವಲ್ಪ ಸ್ವಲ್ಪವೇ ಸೇರಿಸಿ, ಬಜ್ಜಿ ಹಿಟ್ಟಿಗಿಂತ ಗಟ್ಟಿ ಇರಲಿ. ಉಪ್ಪುನೀರಿನಲ್ಲಿ ಎರಡು ನಿಮಿಷ ಕುದಿಸಿದ ಗೋಬಿಯನ್ನು ಬಟ್ಟೆಯ ಮೇಲೆ ಹರಡಿ ಪೂರ್ತಿ ಆರಿಸಿ. ಹಿಟ್ಟು ಬಿಟ್ಟುಕೊಳ್ಳುವುದು ಹೆಚ್ಚಾಗಿ ಆ ತೇವದಿಂದಲೇ. ಒಮ್ಮೆ ಕರಿದು, ಆರಿಸಿ, ಮತ್ತೆ ಚೆನ್ನಾಗಿ ಕಾದ ಎಣ್ಣೆಗೆ ಹಾಕಿ. ಸಾಸ್ ಗಟ್ಟಿಯಾಗಲು ಎರಡು ಟೀ ಚಮಚ ಅಕ್ಕಿಹಿಟ್ಟನ್ನು ಕಾಲು ಲೋಟ ತಣ್ಣೀರಿನಲ್ಲಿ ಕದಡಿ ಹಾಕಿ, ಮೂರ್ನಾಲ್ಕು ನಿಮಿಷ ಕುದಿಸಿ. ಬೇಗ ಇಳಿಸಿದರೆ ಹಸಿ ವಾಸನೆ ಹೋಗುವುದಿಲ್ಲ. ಕಾರ್ನ್‌ಫ್ಲೋರಿನ ಹೊಳಪು ಮಾತ್ರ ಬರುವುದಿಲ್ಲ. ಆರಾರೂಟ್ ಎಂದು ಮಾರುವ ಬಿಡಿ ಪುಡಿ ಕಾರ್ನ್‌ಫ್ಲೋರೇ ಆಗಿರಬಹುದು, ಕೊಳ್ಳಬೇಡಿ.

ಬೇಕಿಂಗ್ ಪೌಡರಿನಲ್ಲಿ ಸಾಮಾನ್ಯವಾಗಿ ಮುಸುಕಿನ ಜೋಳದ ಪಿಷ್ಟ ಇರುತ್ತದೆ. ತಟ್ಟೆ ಇಡ್ಲಿಗೆ ಹಾಕುವ ಅಡುಗೆ ಸೋಡಾದಲ್ಲಿ ಇಲ್ಲ. ಒಂದು ಟೀ ಚಮಚ ಪೌಡರಿಗೆ ಬದಲಾಗಿ ಕಾಲು ಟೀ ಚಮಚ ಸೋಡಾ, ಅರ್ಧ ಲೋಟ ಹುಳಿ ಮೊಸರು ಹಾಕಿ, ಅಷ್ಟೇ ಹಾಲು ಕಡಿಮೆ ಮಾಡಿ. ಕಲಸಿದ ಮೇಲೆ ಹಾಗೇ ಇಡದೆ ಕೂಡಲೇ ಬೇಯಿಸಿ, ತಡವಾದರೆ ಉಬ್ಬು ಇಳಿದುಹೋಗುತ್ತದೆ.

ಪ್ರಶ್ನೆ: ಬಿಳಿಜೋಳದ ರೊಟ್ಟಿ ತಿನ್ನಬಹುದೇ?
– ಓದುಗರು, ಮುಳಬಾಗಿಲು

ಉತ್ತರ: ಮುಸುಕಿನ ಜೋಳ, ಬಿಳಿಜೋಳ ಎರಡೂ ಬೇರೆ ಬೆಳೆ, ಆದರೆ ಹತ್ತಿರದ ನೆಂಟರು. ಒಂದು ಒಗ್ಗದ ಕೆಲವರಿಗೆ ಇನ್ನೊಂದೂ ಒಗ್ಗದಿರಬಹುದು. ಮನೆಯಲ್ಲೇ ತಿಂದು ಪರೀಕ್ಷಿಸದೆ ವೈದ್ಯರ ಎದುರು ನೋಡಿಸಿಕೊಳ್ಳಿ.

ಪ್ರಶ್ನೆ: ನಂದಿಬೆಟ್ಟಕ್ಕೆ ಹೋದಾಗ ಮಗಳಿಗೆ ಜೋಳ ಬಿಟ್ಟು ಸೌತೆಕಾಯಿ ಕೊಡಿಸಿದರೆ ಆಗುತ್ತದಲ್ಲವೇ?
– ಓದುಗರು, ಚಿಕ್ಕಬಳ್ಳಾಪುರ

ಉತ್ತರ: ಗಾಡಿಯವರ ಕೈಯಲ್ಲಿರುವ ನಿಂಬೆ ಹೋಳನ್ನು ಗಮನಿಸಿ. ಉಪ್ಪುಖಾರಕ್ಕೆ ಅದ್ದಿ ಸುಟ್ಟ ತೆನೆಗೆ ಉಜ್ಜಿದ ಹೋಳನ್ನೇ ಮತ್ತೆ ಅದೇ ಬಟ್ಟಲಿಗೆ ಅದ್ದಿ ಸೌತೆಕಾಯಿಗೂ ಸವರುತ್ತಾರೆ. ಹೆಚ್ಚದ ಇಡೀ ಸೌತೆಕಾಯಿ ಕೊಂಡು, ತೊಳೆದು, ನಿಮ್ಮದೇ ಚಾಕು, ಉಪ್ಪಿನಲ್ಲಿ ಹೆಚ್ಚಿಕೊಡಿ.