ಚರಂಡಿ ಉಕ್ಕುವ ಮುನ್ನ ಫೋನಿಗೆ ಸುದ್ದಿ

ಪ್ರಶ್ನೆ: ಜೋರು ಮಳೆ ಬಂದರೆ ನಮ್ಮ ಓಣಿಯ ಚರಂಡಿ ಉಕ್ಕಿ ಅಂಗಡಿಗಳಿಗೆ ನೀರು ನುಗ್ಗುತ್ತದೆ. ಮೊದಲೇ ಎಚ್ಚರಿಸುವ ಸೆನ್ಸರ್ ನಾವೇ ಕೂರಿಸಬಹುದೇ? ವೈಫೈ ಅಲ್ಲಿವರೆಗೆ ಸಿಗುವುದಿಲ್ಲ.
– ಒಬ್ಬ ವ್ಯಾಪಾರಿ, ಕಾಸರಗೋಡು

ಉತ್ತರ: ಧಾರಾಳವಾಗಿ. ಆದರೆ ನೀರಿನಲ್ಲಿ ಮುಳುಗುವ ಸೆನ್ಸರ್ ಬೇಡ. ಕೆಸರು, ಪ್ಲಾಸ್ಟಿಕ್ ಸುತ್ತಿಕೊಂಡು ಕೆಡುತ್ತದೆ. ಮೇಲಿನಿಂದ ಶಬ್ದದ ಅಲೆ ಬಿಟ್ಟು ದೂರ ಅಳೆಯುವ ಜೆಎಸ್‌ಎನ್-ಎಸ್‌ಆರ್04ಟಿ ಸಾಕು. ಅದಕ್ಕೆ ಸುಮಾರು 25 ಸೆಂ.ಮೀ.ಗಿಂತ ಹತ್ತಿರದ್ದು ಕಾಣುವುದಿಲ್ಲ. ಚಪ್ಪಡಿಯ ಅಡಿಗೆ ಅಂಟಿಸಿದರೆ ಚರಂಡಿ ತುಂಬುವ ಹೊತ್ತಿಗೇ ಕುರುಡಾಗುತ್ತದೆ! ಚಪ್ಪಡಿ ಇಲ್ಲದ ಕಡೆ, ಗೋಡೆಗೆ ಬ್ರಾಕೆಟ್ ಹೊಡೆದು, ಚರಂಡಿಯ ಅಂಚಿಗಿಂತ 40 ಸೆಂ.ಮೀ. ಮೇಲೆ, ನೇರ ಕೆಳಮುಖವಾಗಿ ಕೂರಿಸಿ. ಅದರ ಎಕೋ ಪಿನ್ (ಅಳತೆಯ ಸಂಕೇತ ಹೊರಬರುವ ಕಾಲು) 5 ವೋಲ್ಟ್ ಕೊಡುತ್ತದೆ, ಅದನ್ನು ಓದುವ ಪುಟ್ಟ ಕಂಪ್ಯೂಟರ್ ಬೋರ್ಡ್ ಇಎಸ್‌ಪಿ32 ತಡೆಯುವುದು 3.3. ಎಕೋ ಪಿನ್ ಮತ್ತು ಬೋರ್ಡಿನ ಪಿನ್ ನಡುವೆ 1 ಕಿಲೋಓಮ್, ಬೋರ್ಡಿನ ಆ ಪಿನ್‌ನಿಂದ ಗ್ರೌಂಡ್‌ಗೆ (GND) 2 ಕಿಲೋಓಮ್ ರೆಸಿಸ್ಟರ್ ಹಾಕದಿದ್ದರೆ ಬೋರ್ಡ್ ಸುಡಬಹುದು.

ವೈಫೈ ಬದಲು ಲೋರಾ ಮಾಡ್ಯೂಲ್ (ಕಡಿಮೆ ವಿದ್ಯುತ್ತಿನಲ್ಲಿ ದೂರಕ್ಕೆ ಸಣ್ಣ ಸಂದೇಶ ಕಳಿಸುವ ರೇಡಿಯೋ) ಬಳಸಿ. 865–867 ಮೆಗಾಹರ್ಟ್ಸ್‌ಗೆ ನಮ್ಮಲ್ಲಿ ಲೈಸನ್ಸ್ ಬೇಡ. ರಿಸೀವರ್ ವೈಫೈ ಇರುವ ಅಂಗಡಿಯಲ್ಲಿರಲಿ, ಅಲ್ಲಿಂದ ಫೋನಿಗೆ ಸಂದೇಶ ಹೋಗಲಿ. ಆಂಟೆನಾ ಸಿಕ್ಕಿಸದೆ ಕರೆಂಟ್ ಕೊಡಬೇಡಿ.

ಸುಳ್ಳು ಎಚ್ಚರಿಕೆಗೆ ಮುಖ್ಯ ಕಾರಣ ಜೇಡರ ಬಲೆ ಮತ್ತು ಮಳೆಹನಿ. ಪ್ರತಿ ಸಲ ಐದು ಅಳತೆ ತೆಗೆದು, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನದನ್ನೇ ಇಟ್ಟುಕೊಳ್ಳಿ, ಸತತ ಎರಡು ಬಾರಿ ಮಿತಿ ಮೀರಿದರಷ್ಟೇ ಸಂದೇಶ ಹೋಗಲಿ. ಮಿತಿಯನ್ನು ಅಂಚಿಗಿಂತ 20 ಸೆಂ.ಮೀ. ಕೆಳಗೆ ಇಟ್ಟು ಶುರುಮಾಡಿ. ನಿಮ್ಮ ಚರಂಡಿ ಹೊಳೆಗೋ ಸಮುದ್ರಕ್ಕೋ ಸೇರುವುದಾದರೆ ಉಬ್ಬರದ ಹೊತ್ತಿನಲ್ಲಿ ನೀರು ಇಳಿಯುವುದೇ ನಿಧಾನ. ಆಗ 30 ಇರಲಿ. ಬ್ರಾಕೆಟ್ ಹೊಡೆಯುವ ಮುನ್ನ ನಗರಸಭೆಯ ಒಪ್ಪಿಗೆ ಪಡೆಯಿರಿ.