ಪೇಜ್‌ಮೇಕರ್ ಬಿಡಬೇಕಾ? ಫಾಕ್ಸ್‌ಪ್ರೊ ಬಿಡಬೇಕಾ?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಆಮೇಲೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲೆಲ್ಲ ಒಂದೇ ರಾಗ: ಹೊಸ ಕಂಪ್ಯೂಟರ್ ತಂದೆವು, ಹಳೇ ಪ್ರೋಗ್ರಾಂ ಓಡುತ್ತಿಲ್ಲ. ಈ ಸಲ ಅಂಥವೇ ನಾಲ್ಕು ಪತ್ರ ತೆಗೆದುಕೊಂಡಿದ್ದೇನೆ. ಮೊದಲ ಎರಡರ ಬೇರು ಒಂದೇ. ಹಾಗಾಗಿ ಬಿಲ್ಲಿಂಗ್ ಸಮಸ್ಯೆ ಇರುವವರೂ ಪ್ರೆಸ್‌ನವರ ಉತ್ತರ ಓದಿಕೊಳ್ಳಿ.

ಪ್ರಶ್ನೆ: ಸಾಗರದಲ್ಲಿ ನಮ್ಮದು ಸಣ್ಣ ಪ್ರೆಸ್. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಸಂಘಗಳ ವಾರ್ಷಿಕ ವರದಿ ಮಾಡುತ್ತೇವೆ. ಪುಟ ಜೋಡಿಸಲು ಪೇಜ್‌ಮೇಕರ್ 7, ಕನ್ನಡ ಟೈಪಿಗೆ ನುಡಿ, ಇವೆರಡು ಬಿಟ್ಟು ಬೇರೆ ಗೊತ್ತಿಲ್ಲ. ವಿಂಡೋಸ್ ಎಕ್ಸ್‌ಪಿ ಇದ್ದ ಹಳೇ ಮಷಿನ್ ಕೈಕೊಟ್ಟಿತು, ವಿಂಡೋಸ್ 11 ಇರುವ ಹೊಸದನ್ನು ತಂದೆವು. ಮೊದಲು ಪೇಜ್‌ಮೇಕರ್ ಎರರ್ ಕೊಟ್ಟಿತು. ಹಾಕಿಕೊಟ್ಟ ಹುಡುಗ ಏನೋ ಟಿಕ್ ಮಾಡಿದ, ತೆರೆಯಿತು. ಆದರೆ ಅದರಲ್ಲಿ ನುಡಿ ಕೆಲಸ ಮಾಡುತ್ತಿಲ್ಲ. ನುಡಿ ಫಾಂಟ್ ಇಟ್ಟು ಟೈಪ್ ಮಾಡಿದರೆ ಚೂರುಪಾರು ಅಕ್ಷರ ಬರುತ್ತವೆ. ಅದೇ ನುಡಿ ವರ್ಡ್‌ನಲ್ಲಿ ಚೆನ್ನಾಗಿದೆ. ಪೇಜ್‌ಮೇಕರ್ ಬಿಡುವ ಕಾಲ ಬಂತಾ ಮೇಡಂ?

ಬಿಡುವ ಮಾತು ಆಮೇಲೆ. ಮೊದಲು ಒಂದು ಪರೀಕ್ಷೆ ಮಾಡಿ. ಪೇಜ್‌ಮೇಕರ್‌ನಲ್ಲಿ ನುಡಿ ಫಾಂಟ್ ಬದಲು ಏರಿಯಲ್ ಎಂಬ ಇಂಗ್ಲಿಷ್ ಫಾಂಟ್ ಇಟ್ಟು ಟೈಪ್ ಮಾಡಿ. ನೀವು ಒತ್ತಿದ ಇಂಗ್ಲಿಷ್ ಅಕ್ಷರವೇ ನೆಟ್ಟಗೆ ಬಂದರೆ, ಕೀಬೋರ್ಡಿಗೂ ಪೇಜ್‌ಮೇಕರ್‌ಗೂ ನಡುವೆ ನುಡಿ ಬರುತ್ತಲೇ ಇಲ್ಲ ಎಂದರ್ಥ. ಕಾರಣ ಆ ಹುಡುಗ ಹಾಕಿದ ಟಿಕ್. ಅದು ‘ರನ್ ಆಸ್ ಅಡ್ಮಿನಿಸ್ಟ್ರೇಟರ್’ ಆಗಿರಬೇಕು.

ಎಕ್ಸ್‌ಪಿ ಕಾಲದಲ್ಲಿ ಮನೆ, ಅಂಗಡಿಯ ಕಂಪ್ಯೂಟರ್‌ಗಳಲ್ಲಿ ಕೂತವರೆಲ್ಲ ಯಜಮಾನರೇ. ಯಾವ ಪ್ರೋಗ್ರಾಂ ಆದರೂ ಯಾವ ಫೋಲ್ಡರ್‌ನಲ್ಲಿ ಬೇಕಾದರೂ ಬರೆಯಬಹುದಿತ್ತು. 2007ರಲ್ಲಿ ವಿಂಡೋಸ್ ವಿಸ್ಟಾ ಬಂದಾಗ ಅದು ನಿಂತಿತು. ಈಗ ಪ್ರೋಗ್ರಾಂಗಳು ಮಾಮೂಲಿ ಹಕ್ಕಿನಲ್ಲೇ ಓಡುತ್ತವೆ, ‘ಪ್ರೋಗ್ರಾಂ ಫೈಲ್ಸ್’ ಒಳಗೆ ಬರೆಯುವ ಹಾಗಿಲ್ಲ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ. ಅದಕ್ಕೆ ಈ ಹೊಸ ಕಟ್ಟುಪಾಡು ಗೊತ್ತಿಲ್ಲ, ತನ್ನ ಫೋಲ್ಡರ್‌ನಲ್ಲಿ ಬರೆಯಲು ಹೋಗಿ ಎಡವುತ್ತದೆ. ಟಿಕ್ ಹಾಕಿದರೆ ಯಜಮಾನನ ಹಕ್ಕು ಸಿಕ್ಕಿ ತೆರೆಯುತ್ತದೆ. ಆದರೆ ನುಡಿ ಇನ್ನೂ ಮಾಮೂಲಿ ಹಕ್ಕಿನಲ್ಲೇ ಇದೆಯಲ್ಲ? ಕಡಿಮೆ ಹಕ್ಕಿನ ಪ್ರೋಗ್ರಾಂ ಜಾಸ್ತಿ ಹಕ್ಕಿನ ಪ್ರೋಗ್ರಾಂಗೆ ಹೋಗುವ ಕೀಲಿಗಳ ಮೇಲೆ ಕೈಯಾಡಿಸದಂತೆ ವಿಂಡೋಸ್ ತಡೆಯುತ್ತದೆ. ವೈರಸ್‌ಗಳಿಗಾಗಿ ಮಾಡಿದ ತಡೆ ಅದು, ನುಡಿ ಸುಮ್ನೆ ಅದರಲ್ಲಿ ಸಿಕ್ಕಿಕೊಂಡಿದೆ. ವರ್ಡ್‌ಗೆ ಆ ಟಿಕ್ ಇಲ್ಲ, ಅಲ್ಲಿ ನುಡಿ ಸಲೀಸು.

ನುಡಿಯನ್ನೂ ಬಲ ಕ್ಲಿಕ್ ಮಾಡಿ ಅಡ್ಮಿನಿಸ್ಟ್ರೇಟರ್ ಆಗಿಯೇ ತೆರೆದರೆ ಇವತ್ತೇ ಕೆಲಸ ಸಾಗುತ್ತದೆ. ಆದರೆ ದಿನಾ ಬೆಳಿಗ್ಗೆ ‘ಯೆಸ್’ ಒತ್ತುತ್ತಾ ಕೂರಬೇಕು. ನನಗೆ ಇಷ್ಟದ ದಾರಿ ಬೇರೆ. ಪೇಜ್‌ಮೇಕರ್ ತೆಗೆದುಹಾಕಿ, ಮತ್ತೆ ಇನ್‌ಸ್ಟಾಲ್ ಮಾಡಿ. ಎಲ್ಲಿ ಹಾಕಲಿ ಎಂದು ಅದು ಕೇಳುವಾಗ ‘ಪ್ರೋಗ್ರಾಂ ಫೈಲ್ಸ್’ ಬಿಟ್ಟು, ಸಿ ಡ್ರೈವ್‌ನಲ್ಲೇ ನೇರವಾಗಿ ಪಿಎಂ7 ಅಂತ ಒಂದು ಫೋಲ್ಡರ್ ಕೊಡಿ. ಅಲ್ಲಿ ಬರೆಯಲು ಮಾಮೂಲಿ ಹಕ್ಕೇ ಸಾಕು, ಟಿಕ್ ಬೇಕಾಗುವುದಿಲ್ಲ. ಟಿಕ್ ಇಲ್ಲದಿದ್ದರೆ ನುಡಿಗೂ ತಡೆ ಇಲ್ಲ. 

ಇನ್ನೊಂದು ಸಣ್ಣ ವಿಷಯ. ಅಕ್ಷರದ ಬದಲು ಸಾಲಾಗಿ ಪ್ರಶ್ನಾರ್ಥಕ ಚಿಹ್ನೆ ಬಂದರೆ ಅದು ಬೇರೆಯೇ ತೊಂದರೆ. ನುಡಿ ಆಗ ಯೂನಿಕೋಡ್ ಎಂಬ ಹೊಸ ಅಕ್ಷರ ಸಂಕೇತದಲ್ಲಿದೆ. ಪೇಜ್‌ಮೇಕರ್‌ಗೆ ಯೂನಿಕೋಡ್ ತಿಳಿಯುವುದಿಲ್ಲ, ಆಯಾ ಫಾಂಟ್ ಇದ್ದರೆ ಮಾತ್ರ ಕನ್ನಡ ಕಾಣುವ ಹಳೇ ಆಸ್ಕಿ ವಿಧಾನಕ್ಕೇ ಬದಲಿಸಿಕೊಳ್ಳಿ. ಹಾಗೆಯೇ ಡಿಫಾಲ್ಟ್ ಪ್ರಿಂಟರ್ ಒಂದು ಸ್ಥಿರವಾಗಿ ಇರಲಿ. ಪ್ರಿಂಟರ್ ಬದಲಾದರೆ ಪೇಜ್‌ಮೇಕರ್‌ನಲ್ಲಿ ಸಾಲುಗಳೇ ಜರುಗಬಹುದು. ಡಿಫಾಲ್ಟ್ ಪ್ರಿಂಟರನ್ನು ತಾನೇ ಆರಿಸುವ ಚಾಳಿ ವಿಂಡೋಸ್ 11ಕ್ಕೂ ಇದೆ, ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆಫ್ ಮಾಡಿಬಿಡಿ.

ಈಗ ಬಿಡುವ ಮಾತು. ಅಡೋಬಿ ಪೇಜ್‌ಮೇಕರ್ ಅಭಿವೃದ್ಧಿ ನಿಲ್ಲಿಸಿದ್ದು 2004ರಲ್ಲೇ. ಕಾರ್ಡು ಮಾಡಲು ಇನ್ನೂ ಧಾರಾಳ ಸಾಕು, ಬೇಡ ಅನ್ನಲು ನಾನು ಯಾರು? ನನಗೆ ಚಿಂತೆ ಇರುವುದು ನಿಮ್ಮ ಹಳೇ ಫೈಲ್‌ಗಳದ್ದು. ಪೇಜ್‌ಮೇಕರ್ ಜಾಗಕ್ಕೆ ಅಡೋಬಿ ತಂದದ್ದು ಇನ್‌ಡಿಸೈನ್. ಪೇಜ್‌ಮೇಕರ್ ಫೈಲನ್ನು ನೇರವಾಗಿ ತೆರೆಯುತ್ತಿದ್ದ ಅದರ ಆವೃತ್ತಿಗಳಲ್ಲಿ ಸಿಎಸ್6 ಕೊನೆಯದು. ಈಗ ತಿಂಗಳ ಬಾಡಿಗೆಗೆ ಸಿಗುವ ಇನ್‌ಡಿಸೈನ್ ಅದನ್ನು ಮುಟ್ಟುವುದಿಲ್ಲ. ಪುಕ್ಕಟೆ ಸಿಗುವ ಲಿಬ್ರೆ ಆಫೀಸ್‌ನ ಡ್ರಾ ತೆರೆಯುತ್ತದೆ, ಆದರೆ ಪುಟದ ಜೋಡಣೆ ಅಲ್ಲಲ್ಲಿ ಚೆದುರುತ್ತದೆ. ಆದ್ದರಿಂದ ಪೇಜ್‌ಮೇಕರ್ ಓಡುತ್ತಿರುವಾಗಲೇ ಮುಖ್ಯ ಕೆಲಸಗಳ ಪಿಡಿಎಫ್ ತೆಗೆದಿಡಿ. ವಾರ್ಷಿಕ ವರದಿಗಳ ಪಠ್ಯವನ್ನು ವರ್ಡ್‌ಗೆ ತಂದು ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸಿಡಿ. ಬದಲಿಸುವ ಸಾಧನಗಳು ಪುಕ್ಕಟೆ ಸಿಗುತ್ತವೆ. ಒತ್ತಕ್ಷರ, ಅರ್ಕಾವತ್ತು ಮಾತ್ರ ಕಣ್ಣಿಟ್ಟು ನೋಡಿ. ಆಷಾಢದಲ್ಲಿ ಹೇಗೂ ಲಗ್ನಪತ್ರಿಕೆ ಕೆಲಸ ಇರುವುದಿಲ್ಲ, ಆಗ ಇದನ್ನು ಹಿಡಿಯಿರಿ.

ಪ್ರಶ್ನೆ: ತೀರ್ಥಹಳ್ಳಿಯಲ್ಲಿ ಪೈಪು, ಸಿಮೆಂಟ್, ಪೇಂಟ್ ಅಂಗಡಿ ನಮ್ಮದು. ಬಿಲ್ಲಿಂಗ್ ಪ್ರೋಗ್ರಾಂ ಪರಿಚಯದವರೊಬ್ಬರು ವಿಬಿ 6 (ವಿಷುವಲ್ ಬೇಸಿಕ್) ಎಂಬ ಹಳೇ ಪ್ರೋಗ್ರಾಂ ಭಾಷೆಯಲ್ಲಿ ಬರೆದುಕೊಟ್ಟದ್ದು, ಅವರು ಈಗ ಊರಲ್ಲಿಲ್ಲ. ವಿಂಡೋಸ್ 10ರಲ್ಲೂ 11ರಲ್ಲೂ ಓಡಿತು. ಮೊನ್ನೆ ಪ್ರಿಂಟ್ ಬರಲಿಲ್ಲವೆಂದು ಅಡ್ಮಿನಿಸ್ಟ್ರೇಟರ್ ಟಿಕ್ ಹಾಕಿದೆವು. ಈಗ ಈ ಕಂಪ್ಯೂಟರ್‌ಗೆ ಬಂದ ಮೇಲೆ ಮಾಡಿದ ಬಿಲ್‌ಗಳೆಲ್ಲ ಮಾಯ! ಬಾಕಿ ಲೆಕ್ಕವೂ ಅದರಲ್ಲೇ ಇತ್ತು. ರಿಪೇರಿಯವರು ಡೇಟಾ ಹೋಯಿತು, ಫಾರ್ಮ್ಯಾಟ್ ಮಾಡೋಣ ಎನ್ನುತ್ತಿದ್ದಾರೆ.

ಫಾರ್ಮ್ಯಾಟ್ ಮಾಡಲು ಬಿಡಬೇಡಿ ಮಾರಾಯ್ರೆ! ನಿಮ್ಮ ಬಿಲ್‌ಗಳು ಆ ಕಂಪ್ಯೂಟರ್‌ನಲ್ಲೇ ಇರುವ ಸಾಧ್ಯತೆ ಬಹಳ. ಹೊಸ ಬಿಲ್ ಹಾಕುವುದನ್ನು ಮಾತ್ರ ಈಗಲೇ ನಿಲ್ಲಿಸಿ, ನಾಲ್ಕು ದಿನ ಬಿಲ್ ಪುಸ್ತಕದಲ್ಲಿ ಬರೆಯಿರಿ. ಇಲ್ಲದಿದ್ದರೆ ಎರಡು ಲೆಕ್ಕ ಆಗಿ ಕೂರುತ್ತದೆ.

ಆದದ್ದು ಇಷ್ಟು. ನಿಮ್ಮ ಪ್ರೋಗ್ರಾಂ ‘ಪ್ರೋಗ್ರಾಂ ಫೈಲ್ಸ್’ ಒಳಗೆ ಇದೆ, ಬಿಲ್‌ಗಳನ್ನೆಲ್ಲ ತುಂಬಿಟ್ಟ ಡೇಟಾ ಫೈಲೂ (ಹೆಸರಿನ ಕೊನೆಗೆ ಎಂಡಿಬಿ ಇರುವುದು) ಅದರ ಪಕ್ಕದಲ್ಲೇ ಇದೆ. ಅಲ್ಲಿ ಬರೆಯುವ ಹಾಗಿಲ್ಲ ಎಂದೆನಲ್ಲ? ಹಳೇ ಪ್ರೋಗ್ರಾಂ ಪಾಪ ನಿಂತುಹೋಗಬಾರದು ಅಂತ ವಿಂಡೋಸ್ ಒಂದು ಉಪಾಯ ಮಾಡುತ್ತದೆ. ಆ ಫೈಲಿನ ನಕಲನ್ನು ಬಳಕೆದಾರರ ಸ್ವಂತ ಫೋಲ್ಡರ್‌ನಲ್ಲಿ ಗುಟ್ಟಾಗಿ ಇಟ್ಟು, ಬರೆಯುವುದನ್ನೆಲ್ಲ ಅಲ್ಲಿ ಬರೆಸುತ್ತದೆ. ಪ್ರೋಗ್ರಾಂಗೆ ಇದು ಗೊತ್ತೇ ಆಗುವುದಿಲ್ಲ. ಅಡ್ಮಿನಿಸ್ಟ್ರೇಟರ್ ಆದ ಕೂಡಲೇ ಈ ಉಪಾಯ ನಿಲ್ಲುತ್ತದೆ, ಪ್ರೋಗ್ರಾಂ ಅಸಲಿ ಫೈಲನ್ನು ತೆರೆಯುತ್ತದೆ. ಅದರಲ್ಲಿರುವುದು ಇನ್‌ಸ್ಟಾಲ್ ಮಾಡಿದ ದಿನದ ಲೆಕ್ಕ.

ಹುಡುಕುವುದು ಹೀಗೆ. ಸಿ ಡ್ರೈವ್, ಯೂಸರ್ಸ್, ನಿಮ್ಮ ಲಾಗಿನ್ ಹೆಸರು, ಆಪ್‌ಡೇಟಾ, ಲೋಕಲ್, ವರ್ಚುಯಲ್‌ಸ್ಟೋರ್, ಹೀಗೆ ಒಳಗೆ ಹೋಗಿ. ಆಪ್‌ಡೇಟಾ ಅಡಗಿರುತ್ತದೆ, ವ್ಯೂ ಮೆನುವಿನಲ್ಲಿ ‘ಹಿಡನ್ ಐಟಮ್ಸ್’ ತೋರಿಸಲು ಹೇಳಬೇಕು. ಅಲ್ಲಿ ಮತ್ತೊಂದು ‘ಪ್ರೋಗ್ರಾಂ ಫೈಲ್ಸ್’ ಕಾಣುತ್ತದೆ, ಅದರೊಳಗೆ ನಿಮ್ಮ ಬಿಲ್ಲಿಂಗ್ ಫೋಲ್ಡರ್. ಎಂಡಿಬಿ ಫೈಲಿನ ಗಾತ್ರ ಮತ್ತು ಕೊನೆಗೆ ಬದಲಾದ ತಾರೀಕು ನೋಡಿ. ಟಿಕ್ ಹಾಕಿದ ಹಿಂದಿನ ದಿನದ ತಾರೀಕಿದ್ದರೆ ಅದೇ ನಿಮ್ಮ ಲೆಕ್ಕ. ಅಂಗಡಿಯ ಹುಡುಗರಿಗೆ ಬೇರೆ ಲಾಗಿನ್ ಕೊಟ್ಟಿದ್ದರೆ ಅವರ ಹೆಸರಿನ ಫೋಲ್ಡರ್‌ನಲ್ಲೂ ನೋಡಿ. ಪ್ರತಿ ಲಾಗಿನ್‌ಗೂ ಬೇರೆ ಬೇರೆ ನಕಲು ಇರುತ್ತದೆ. ‘ಅವನು ಹಾಕಿದ ಬಿಲ್ ನನಗೆ ಕಾಣಲ್ಲ’ ಎಂಬ ಜಗಳ ನಿಮ್ಮಲ್ಲಿ ಆಗಿದ್ದರೆ ಕಾರಣ ಇದೇ ಇರಬಹುದು!

ಸಿಕ್ಕಿದ್ದನ್ನೂ, ಅಸಲಿ ಜಾಗದಲ್ಲಿರುವುದನ್ನೂ ಮೊದಲು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಆಮೇಲೆ ಸಾಗರದವರಿಗೆ ಹೇಳಿದ ಹಾಗೆ, ಪ್ರೋಗ್ರಾಂ ಅನ್ನು ಸಿ ಡ್ರೈವ್‌ನ ನೇರ ಫೋಲ್ಡರ್‌ಗೆ ಇನ್‌ಸ್ಟಾಲ್ ಮಾಡಿ, ವರ್ಚುಯಲ್‌ಸ್ಟೋರ್‌ನಲ್ಲಿ ಸಿಕ್ಕಿದ ಎಂಡಿಬಿ ಅಲ್ಲಿಡಿ, ಟಿಕ್ ತೆಗೆಯಿರಿ. ಬರೆದುಕೊಟ್ಟವರು ಫೋಲ್ಡರ್‌ನ ದಾರಿಯನ್ನು ಪ್ರೋಗ್ರಾಂ ಒಳಗೇ ಕೂರಿಸಿದ್ದರೆ ಜಾಗ ಬದಲಿಸಲು ಆಗುವುದಿಲ್ಲ. ಆಗ ಹಳೇ ಫೋಲ್ಡರ್‌ನ ಸೆಕ್ಯುರಿಟಿ ಪುಟದಲ್ಲಿ ‘ಯೂಸರ್ಸ್’ ಗುಂಪಿಗೆ ‘ಮಾಡಿಫೈ’ ಹಕ್ಕು ಕೊಟ್ಟು, ಎಂಡಿಬಿಯನ್ನು ಅಲ್ಲಿಗೆ ತಂದು, ವರ್ಚುಯಲ್‌ಸ್ಟೋರ್‌ನ ನಕಲನ್ನು ಅಲ್ಲಿಂದ ತೆಗೆದುಬಿಡಿ. ಅದನ್ನು ಅಲ್ಲೇ ಬಿಟ್ಟರೆ ಮಾಮೂಲಿಯಾಗಿ ತೆರೆದಾಗ ವಿಂಡೋಸ್ ಮತ್ತೆ ಅದನ್ನೇ ತೋರಿಸುತ್ತದೆ. ಪ್ರಿಂಟ್ ಬಾರದ್ದಕ್ಕೆ ಅಡ್ಮಿನಿಸ್ಟ್ರೇಟರ್ ಮದ್ದೇ ಅಲ್ಲ, ಪ್ರಿಂಟರ್ ಡ್ರೈವರ್ ನೋಡಿಸಿ. ವಿಬಿ 6ರ ಬಗ್ಗೆ ಹೆದರಿಕೆ ಬೇಡ, ಅದರಲ್ಲಿ ಬರೆದದ್ದು ಓಡಲು ಬೇಕಾದ ಮೂಲ ಫೈಲ್‌ಗಳು ವಿಂಡೋಸ್ 11ರ ಜೊತೆಗೇ ಬರುತ್ತವೆ.

ಪ್ರಶ್ನೆ: ಶಿವಮೊಗ್ಗದಲ್ಲಿ ನಮ್ಮ ತಂದೆಯವರ ಕಾಲದಿಂದ ಅಡಿಕೆ ಮಂಡಿ ಇದೆ. ಲೆಕ್ಕ, ಪಟ್ಟಿ ಎಲ್ಲ ವಿಂಡೋಸ್‌ಗೂ ಹಿಂದಿನ ಡಾಸ್‌ನಲ್ಲಿ ಓಡುವ ಡೇಟಾಬೇಸ್ ಪ್ರೋಗ್ರಾಂ ಫಾಕ್ಸ್‌ಪ್ರೊ 2.6ರಲ್ಲಿ. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಎಲ್ಲಕ್ಕೂ ಕೋಡ್ ಇದೆ, ಗುಮಾಸ್ತರು ಮೌಸ್ ಮುಟ್ಟದೆ ಕಣ್ಣುಮುಚ್ಚಿ ಹೊಡೆಯುತ್ತಾರೆ. ಹೊಸ ಕಂಪ್ಯೂಟರ್‌ಗೆ ನಕಲು ಮಾಡಿದರೆ ‘ಈ ಪಿಸಿಯಲ್ಲಿ ಓಡುವುದಿಲ್ಲ’ ಎನ್ನುತ್ತದೆ. ಪ್ರಾಪರ್ಟೀಸ್‌ನ ಕಂಪಾಟಿಬಿಲಿಟಿ ಪುಟದಲ್ಲಿ ಎಲ್ಲ ಒತ್ತಿ ನೋಡಿದ್ದಾಯಿತು.

ಆ ಪುಟದಲ್ಲಿ ಏನು ಒತ್ತಿದರೂ ಪ್ರಯೋಜನವಿಲ್ಲ. ವಿಂಡೋಸ್ 11 ಬರುವುದು 64 ಬಿಟ್‌ನಲ್ಲಿ ಮಾತ್ರ. 64 ಬಿಟ್ ವಿಂಡೋಸ್‌ನಲ್ಲಿ ಡಾಸ್ ಪ್ರೋಗ್ರಾಂ ಓಡಿಸುವ ಭಾಗವೇ ಇಲ್ಲ. ಪ್ರೊಸೆಸರ್ 64 ಬಿಟ್‌ನಲ್ಲಿ ಕೆಲಸ ಮಾಡುವಾಗ ಡಾಸ್‌ಗೆ ಬೇಕಾದ ಹಳೇ ಮೋಡ್ ಸಿಗುವುದಿಲ್ಲ. ಹಾಗಾಗಿ ಕಂಪ್ಯೂಟರ್ ಒಳಗೆ ಒಂದು ನಕಲಿ ಡಾಸ್ ಯಂತ್ರ ಮಾಡಿಕೊಳ್ಳಬೇಕು.

ಡಾಸ್‌ಬಾಕ್ಸ್ ಹೆಸರು ಕೇಳಿರುತ್ತೀರಿ. ಅದನ್ನು ಮಾಡಿದ್ದು ಹಳೇ ಆಟ ಆಡುವವರಿಗಾಗಿ, ಪ್ರಿಂಟರ್ ಅದಕ್ಕೆ ಮುಖ್ಯವಲ್ಲ. ಮಂಡಿಗೆ ಪಟ್ಟಿ ಪ್ರಿಂಟ್ ಆಗದಿದ್ದರೆ ಉಳಿದದ್ದೆಲ್ಲ ಇದ್ದೂ ಏನು? ನಿಮಗೆ ನಾನು ಹೇಳುವುದು ವಿಡಾಸ್. ಅಕ್ಷರ ಪರದೆಯ ವ್ಯಾಪಾರಿ ಪ್ರೋಗ್ರಾಂಗಳಿಗೆಂದೇ ಮಾಡಿದ್ದು. ಫಾಕ್ಸ್‌ಪ್ರೊ ಎಲ್‌ಪಿಟಿ1 ಎಂಬ ಹಳೇ ಪ್ರಿಂಟರ್ ಪೋರ್ಟಿಗೆ ಕಳಿಸಿದ್ದನ್ನು ವಿಂಡೋಸ್‌ನ ಪ್ರಿಂಟರ್‌ಗೆ ದಾಟಿಸುತ್ತದೆ. ಗುಮಾಸ್ತರ ಕೈಗೆ ಏನೂ ಬದಲಾಗುವುದಿಲ್ಲ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಹಳೇ ಅಗಲ ಪೋರ್ಟಿನದಾದರೆ ಮಾತ್ರ ಕಷ್ಟ. ಪರಿವರ್ತಕ ಕೇಬಲ್‌ಗಳು ಒಮ್ಮೆ ಓಡಿದರೆ ಒಮ್ಮೆ ಓಡುವುದಿಲ್ಲ, ಯುಎಸ್‌ಬಿ ಇರುವ ಡಾಟ್ ಮ್ಯಾಟ್ರಿಕ್ಸ್ ಈಗಲೂ ಸಿಗುತ್ತದೆ, ಅದನ್ನೇ ತನ್ನಿ.

ಪಟ್ಟಿ ಕನ್ನಡದಲ್ಲಿ ಬರುತ್ತಿತ್ತೇ ಎಂದು ನೀವು ಬರೆದಿಲ್ಲ. ಆಗೆಲ್ಲ ಡಾಸ್‌ನಲ್ಲಿ ಕನ್ನಡ ಬೇಕೆಂದರೆ ಕೇಂದ್ರ ಸರ್ಕಾರದ ಸಂಸ್ಥೆ ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡನ್ನು ಕಂಪ್ಯೂಟರ್ ಒಳಗೇ ಸಿಕ್ಕಿಸುತ್ತಿದ್ದರು. ಆ ಕಾರ್ಡ್ ಕೂರುವ ಸ್ಲಾಟ್ ಈಗಿನ ಬೋರ್ಡುಗಳಲ್ಲಿಲ್ಲ. ನಿಮ್ಮದು ಹಾಗಿದ್ದರೆ ವಿಡಾಸ್ ಸಾಲದು, ಹೊಸ ಪ್ರೋಗ್ರಾಂ ಬರೆಸಬೇಕು. ಬರೆಯುವವರಿಗೆ ಡೇಟಾ ಭಾರತೀಯ ಲಿಪಿಗಳ ಹಳೇ ಸಂಕೇತವಾದ ‘ಇಸ್ಕಿ’ಯಲ್ಲಿದೆ ಎಂದು ಹೇಳಿ, ಅದನ್ನು ಯೂನಿಕೋಡ್‌ಗೆ ತರಬಹುದು.

ಯಾವ ದಾರಿ ಹಿಡಿದರೂ ಮೊದಲು ಇಡೀ ಫೋಲ್ಡರ್ ನಕಲು ಮಾಡಿ. ಲೆಕ್ಕ ಇರುವ ಡಿಬಿಎಫ್ ಫೈಲ್‌ಗಳು ಮಾತ್ರ ಸಾಲದು. ಹೆಸರಿನ ಕೊನೆಗೆ ಸಿಡಿಎಕ್ಸ್, ಎಫ್‌ಪಿಟಿ, ಪಿಆರ್‌ಜಿ ಇರುವ ಫೈಲ್‌ಗಳೆಲ್ಲ ಬೇಕು. ಡಿಬಿಎಫ್ ಫೈಲನ್ನು ಎಕ್ಸೆಲ್ ಅಥವಾ ಲಿಬ್ರೆ ಆಫೀಸ್‌ನಲ್ಲಿ ತೆರೆದು ರೈತರ ಖಾತೆ ನೋಡಬಹುದು, ಆದರೆ ನಕಲನ್ನೇ ತೆರೆಯಿರಿ, ಅಲ್ಲಿ ಸೇವ್ ಒತ್ತಬೇಡಿ. ಹಳೇ ಕಂಪ್ಯೂಟರ್ ತಾರೀಕು ಮರೆಯುತ್ತಿದ್ದರೆ ಬೋರ್ಡ್ ಮೇಲಿನ ಬಿಲ್ಲೆ ಬ್ಯಾಟರಿ ಸತ್ತಿದೆ, ಸಿಆರ್2032 ಅಂತ ಕೇಳಿದರೆ ವಾಚಿನ ಅಂಗಡಿಯಲ್ಲೂ ಕೊಡುತ್ತಾರೆ. ಅದನ್ನು ಹಾಕಿ, ಈ ಸೀಸನ್ ಹಳೆಯದರಲ್ಲೇ ಮುಗಿಸಿ. ಅಡಿಕೆ ಬರುವ ಹೊತ್ತಿನಲ್ಲಿ ಲೆಕ್ಕದ ಯಂತ್ರ ಬದಲಿಸುವುದು ಬೇಡ.

ನಿಮ್ಮ ಹಾಗೆ ಡಾಸ್ ಅಲ್ಲದೆ, ಎಕ್ಸ್‌ಪಿಯಲ್ಲಿ ಮಾತ್ರ ಓಡುವ ಪ್ರೋಗ್ರಾಂ ಇರುವವರು ವರ್ಚುಯಲ್‌ಬಾಕ್ಸ್‌ನಲ್ಲಿ (ಕಂಪ್ಯೂಟರ್ ಒಳಗೆ ಇನ್ನೊಂದು ನಕಲಿ ಕಂಪ್ಯೂಟರ್ ನಡೆಸುವ ಪ್ರೋಗ್ರಾಂ) ಎಕ್ಸ್‌ಪಿ ಹಾಕಿಕೊಳ್ಳಬಹುದು. ಎಕ್ಸ್‌ಪಿಯ ಅಸಲಿ ಕೀ ನಿಮ್ಮ ಬಳಿ ಇರಬೇಕು. ಅದಕ್ಕೆ ಬೆಂಬಲ 2014ರ ಏಪ್ರಿಲ್‌ನಲ್ಲೇ ಮುಗಿದಿದೆ, ಹಾಗಾಗಿ ಆ ಒಳಗಿನ ಎಕ್ಸ್‌ಪಿಗೆ ಇಂಟರ್ನೆಟ್ ಕೊಡಲೇಬಾರದು.

ಪ್ರಶ್ನೆ: ಸೊರಬ ಹತ್ತಿರದ ಹಳ್ಳಿ ನಮ್ಮದು. ಹಳೇ ಪ್ರೋಗ್ರಾಂ ಒಂದು ತಾನು ಓಡಲು ಡಾಟ್‌ನೆಟ್ 3.5 ಎಂಬ ಮೈಕ್ರೋಸಾಫ್ಟ್‌ನ ಪೂರಕ ಭಾಗ ಬೇಕು ಎನ್ನುತ್ತದೆ. ಒತ್ತಿದರೆ ಡೌನ್‌ಲೋಡ್ ಶುರುವಾಗಿ ಅರ್ಧಕ್ಕೆ ನಿಲ್ಲುತ್ತದೆ. ಮಳೆ ಬಂದರೆ ನೆಟ್‌ವರ್ಕ್ ಇರುವುದೇ ಇಲ್ಲ.

ನೆಟ್‌ವರ್ಕ್ ಬೇಡ. ವಿಂಡೋಸ್ ಇನ್‌ಸ್ಟಾಲ್ ಮಾಡಿದ ಪೆನ್‌ಡ್ರೈವ್ ಇದ್ದರೆ ಅದರ ‘ಸೋರ್ಸಸ್’ ಒಳಗೆ ‘ಎಸ್‌ಎಕ್ಸ್‌ಎಸ್’ ಎಂಬ ಫೋಲ್ಡರ್ ಇದೆ, ಬೇಕಾದ ಫೈಲ್‌ಗಳು ಅಲ್ಲೇ ಇವೆ. ಡಿಸ್ಮ್ ಎಂಬ ಕಮಾಂಡ್‌ಗೆ ಆ ಫೋಲ್ಡರ್ ತೋರಿಸಿದರೆ ಅಲ್ಲಿಂದಲೇ ತೆಗೆದುಕೊಳ್ಳುತ್ತದೆ. ಪೆನ್‌ಡ್ರೈವ್‌ನ ವಿಂಡೋಸ್ ಆವೃತ್ತಿಯೂ ಕಂಪ್ಯೂಟರ್‌ನದ್ದೂ ಒಂದೇ ಇರಬೇಕು. ಸೊರಬ ಪೇಟೆಯ ಕಂಪ್ಯೂಟರ್ ಅಂಗಡಿಗೆ ಸಿಪಿಯು ಒಯ್ದು ಈ ಪ್ಯಾರಾ ತೋರಿಸಿ, ಅಲ್ಲೇ ಕೂತು ಹಾಕಿಸಿಕೊಂಡು ಬನ್ನಿ.