ಟೊಮೆಟೊ ಬೀಜ ಕೈಕೊಟ್ಟರೆ ರೈತ ದೂರು ಕೊಡಬಹುದಾ?

ಬೆಂಗಳೂರಿನ ಅಂಗಡಿಯಲ್ಲಿ ಬೀಜ ಕೊಂಡು ಶ್ರೀನಿವಾಸಪುರದಲ್ಲಿ ಟೊಮೆಟೊ ಹಾಕಿದಿರಿ, ಗಿಡ ಬಂತು, ಕಾಯಿ ಕಟ್ಟಲಿಲ್ಲ. ‘ನೀವು ಬೆಳೆ ಮಾರುವವರು, ಗ್ರಾಹಕರಲ್ಲ’ ಎಂದು ಅಂಗಡಿಯವರು ಹೇಳಿದರು ಅಂತ ಬರೆದಿದ್ದೀರಿ. ಸರ್, ಆ ಮಾತು ತಪ್ಪು. ರೈತರನ್ನು ಹೀಗೆ ಹೇಳಿ ವಾಪಸ್ ಕಳಿಸುವುದು ಕೇಳಿದರೆ ಸಿಟ್ಟು ಬರುತ್ತದೆ. ಬೀಜ ಕೊಂಡ ರೈತನೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ಪರೀಕ್ಷೆಗೆಂದು ರೈತ ಬೀಜ ಎತ್ತಿಡಬೇಕಿತ್ತು ಅನ್ನುವ ವಾದವನ್ನೂ ಒಪ್ಪಲಿಲ್ಲ.

ಆದರೂ ಸಾಕ್ಷಿ ಬೇಕೇ ಬೇಕು. ಸದ್ಯಕ್ಕೆ ಗಿಡ ಕಿತ್ತು ಹಾಕಬೇಡಿ. ತೋಟಗಾರಿಕೆ ಇಲಾಖೆಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ, ಅಧಿಕಾರಿಗಳು ತೋಟ ನೋಡಿ ವರದಿ ಬರೆಯಲಿ. ಕಾಯಿ ಕಟ್ಟದಿರಲು ಬಿಸಿಲು, ರೋಗವೂ ಕಾರಣ ಇರಬಹುದು ಅಲ್ವಾ? ಎದುರಿನವರು ಅದನ್ನೇ ಹಿಡಿಯುತ್ತಾರೆ. ಹಾಗಾಗಿ ಬೀಜದ ದೋಷ ವರದಿಯಲ್ಲಿ ಸ್ಪಷ್ಟವಾಗಿ ಇರಬೇಕು. ಪಕ್ಕದ ತೋಟದಲ್ಲಿ ಬೇರೆ ಬೀಜ ಚೆನ್ನಾಗಿ ಬಂದಿದ್ದರೆ ಅದರ ಫೋಟೋನೂ ತೆಗೆದಿಡಿ. ಬಿಲ್, ಲಾಟ್ ನಂಬರ್ ಇರುವ ಖಾಲಿ ಪ್ಯಾಕೆಟ್ ಜೋಪಾನ.

ದೂರಿಗೆ ಬೆಂಗಳೂರಿಗೆ ಅಲೆಯಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸ ಇರುವ ಜಿಲ್ಲೆಯಲ್ಲೇ, ಅಂದರೆ ಕೋಲಾರದ ಜಿಲ್ಲಾ ಗ್ರಾಹಕ ಆಯೋಗದಲ್ಲೇ ಕೊಡಬಹುದು. ಬೀಜಕ್ಕೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಹಾಕಬೇಕು. ವಕೀಲರು ಕಡ್ಡಾಯ ಅಲ್ಲ, ಆದರೆ ಬೆಳೆ ನಷ್ಟದ ಲೆಕ್ಕ ವಾದಿಸಲು ಒಬ್ಬರಿದ್ದರೆ ಒಳ್ಳೆಯದು. ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಿ. ಅವರು ಕಂಪನಿ ಜೊತೆ ಮಾತಾಡುತ್ತಾರೆ, ಆದೇಶ ಕೊಡಲಾರರು. ದೂರಿನಲ್ಲಿ ಅಂಗಡಿ, ಬೀಜ ಕಂಪನಿ ಇಬ್ಬರನ್ನೂ ಎದುರುದಾರರಾಗಿ ಸೇರಿಸಿ.